ಮಾಸು ದಾಟುವ ಮದ್ದು

‘ಸೂಜಿ ಬೇಡ ಡಾಕ್ಟ್ರೇ, ಮಾತ್ರೆ ಏನಾದ್ರೂ ಬರ್ಕೊಡಿ.’ ಗರ್ಭಿಣಿಯರ ತಪಾಸಣೆಯ ದಿನ ಯಾವ ಆಸ್ಪತ್ರೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಬಸುರಿ ಹೇಳದಿದ್ದರೆ ಜೊತೆಗೆ ಬಂದ ಅತ್ತೆ ಹೇಳುತ್ತಾರೆ. ಇನ್ಸುಲಿನ್ ಬರೆದರೆ ಕಾಯಿಲೆ ಕೈಮೀರಿದೆ ಎಂದರ್ಥ, ಒಮ್ಮೆ ಹಿಡಿದರೆ ಸಾಯುವ ತನಕ ಬಿಡದು, ಹೊಟ್ಟೆಗೆ ಚುಚ್ಚಿದ್ದು ಮಗುವಿಗೆ ತಾಗುತ್ತದೆ ಎಂಬ ಮೂರು ಭಯಗಳು ಆ ಮಾತಿನ ಹಿಂದಿರುತ್ತವೆ. ಮೂರಕ್ಕೂ ಬುಡವಿಲ್ಲ. ಹಾಗೆಂದು ಮಾತ್ರೆ ಕೇಳಿದ್ದೇ ತಪ್ಪು ಅನ್ನುವಂತೆಯೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ಪಥ್ಯ ಮತ್ತು ನಡಿಗೆಯಿಂದ ಬಸಿರಿನ ಶುಗರ್ ಬಗ್ಗದಿದ್ದರೆ ಮೊದಲು ಮೆಟ್‌ಫಾರ್ಮಿನ್ ಮಾತ್ರೆ ಕೊಡಿ ಎನ್ನುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇನ್ಸುಲಿನ್ ಮೊದಲು, ಮಾತ್ರೆಗೆ ಮೊದಲ ಮಣೆ ಇಲ್ಲ ಎನ್ನುತ್ತದೆ. ಭಾರತ ಸರ್ಕಾರದ 2018ರ ಮಾರ್ಗಸೂಚಿ ಇನ್ಸುಲಿನ್ನಿಗೆ ಆದ್ಯತೆ ಕೊಟ್ಟು, 20 ವಾರ ಕಳೆದ ಮೇಲೆ ಮೆಟ್‌ಫಾರ್ಮಿನ್‌ಗೂ ಬಾಗಿಲು ತೆರೆದಿಟ್ಟಿದೆ.

ಎಲ್ಲರ ಮುಂದಿರುವ ಅಧ್ಯಯನಗಳು ಒಂದೇ, ತೀರ್ಪು ಮಾತ್ರ ಬೇರೆ ಬೇರೆ. ತಾಯಿಯ ಸಕ್ಕರೆ ಇಳಿಸುವ ಮಟ್ಟಿಗೆ ಈ ಮದ್ದುಗಳ ನಡುವೆ ಭಾರೀ ಅಂತರವೇನಿಲ್ಲ. ತಕರಾರು ಇರುವುದು ಮಾಸಿನ ಹತ್ತಿರ. ಯಾವ ಮದ್ದು ಅದನ್ನು ದಾಟಿ ಮಗುವಿನ ಮೈಗೆ ಹೋಗುತ್ತದೆ, ಹೋದದ್ದು ಅಲ್ಲಿ ಏನು ಮಾಡುತ್ತದೆ ಎಂಬಲ್ಲಿ.

ಶುಗರ್ ಬರುವುದಕ್ಕೂ ಮಾಸೇ ಕಾರಣ. ಐದು-ಆರನೇ ತಿಂಗಳಿಂದ ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ಸ್ನಾಯು, ಕೊಬ್ಬು ಎಲ್ಲವೂ ಇನ್ಸುಲಿನ್ನಿನ ಮಾತು ಕೇಳದ ಹಾಗೆ ಮಾಡುತ್ತವೆ. ಉದ್ದೇಶವೇನೋ ಒಳ್ಳೆಯದೇ, ಅಮ್ಮನ ಮೈ ಹೀರಿಕೊಳ್ಳದೆ ಬಿಟ್ಟ ಸಕ್ಕರೆ ಮಗುವಿಗೆ ಸಿಗಲಿ ಅಂತ. ಹೆಚ್ಚಿನವರ ಮೇದೋಜೀರಕ ಗ್ರಂಥಿ ದುಪ್ಪಟ್ಟು ದುಡಿದು ಸರಿದೂಗಿಸುತ್ತದೆ. ದೂಗಿಸಲಾಗದವರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಮಾಸನ್ನು ಸಲೀಸಾಗಿ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗು ತನ್ನದೇ ಇನ್ಸುಲಿನ್ನನ್ನು ಮಿತಿಮೀರಿ ಸುರಿಸಿ, ಬಂದ ಸಕ್ಕರೆಯನ್ನೆಲ್ಲ ಕೊಬ್ಬಾಗಿಸಿ ಊದಿಕೊಳ್ಳುತ್ತದೆ. ಕೋಪನ್‌ಹೇಗನ್ನಿನ ಯೋರ್ಗನ್ ಪೀಡರ್ಸನ್ 1950ರ ದಶಕದಲ್ಲಿ ಮಂಡಿಸಿದ ಈ ವಿವರಣೆ ಇವತ್ತಿಗೂ ಈ ವಿಷಯದ ತಳಪಾಯ. ಹೆರಿಗೆಯಲ್ಲಿ ದಪ್ಪ ಮಗುವಿನ ಭುಜ ಸಿಕ್ಕಿಕೊಳ್ಳುವುದು, ಸಿಸೇರಿಯನ್, ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಲ್ಲೇ ಮಗುವಿನ ಸಕ್ಕರೆ ಪಾತಾಳಕ್ಕೆ ಇಳಿಯುವುದು ಎಲ್ಲ ಇದರ ಮುಂದುವರಿಕೆ. ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತಿರುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಹರಿಯುತ್ತಿರುತ್ತದೆ.

ನಮ್ಮಲ್ಲಿ ಇದನ್ನು ಹಿಡಿಯುವ ವಿಧಾನ ಸರಳ. ಉಂಡಿದ್ದರೂ ಸರಿ, ಉಪವಾಸವಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕರಗಿಸಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಮುಟ್ಟಿದರೆ ಬಸಿರಿನ ಶುಗರ್. ಚೆನ್ನೈನ ವೈದ್ಯ ವಿ. ಶೇಷಯ್ಯ ಮತ್ತು ಸಂಗಡಿಗರು ಪಟ್ಟುಹಿಡಿದು ಪ್ರಚುರಪಡಿಸಿದ ಪದ್ಧತಿ ಇದು. ಬಸಿರು ಗೊತ್ತಾಗಿ ಮೊದಲ ಸಲ ತಪಾಸಣೆಗೆ ಬಂದಾಗ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ ಮಾಡಬೇಕು. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಬಾ ಎಂದರೆ ಎಷ್ಟು ಬಸುರಿಯರು ಬಂದಾರು ಎಂಬ ವ್ಯವಹಾರಜ್ಞಾನ ಅದರ ಹಿಂದಿದೆ.

ಕಂಡುಬಂದ ಕೂಡಲೇ ಮದ್ದಿಲ್ಲ. ಎರಡು ವಾರ ಪಥ್ಯ, ನಡಿಗೆ. ಊಟವಾಗಿ ಎರಡು ಗಂಟೆಗೆ ಸಕ್ಕರೆ 120ರ ಕೆಳಗೆ, ಬೆಳಗಿನ ಖಾಲಿ ಹೊಟ್ಟೆಯಲ್ಲಿ 95ರ ಕೆಳಗೆ ನಿಂತರೆ ಸಾಕು. ಹತ್ತರಲ್ಲಿ ಏಳೆಂಟು ಮಂದಿಗೆ ಇಷ್ಟರಲ್ಲೇ ನಿಲ್ಲುತ್ತದೆ. ತಟ್ಟೆಯಲ್ಲಿ ಅನ್ನದ ರಾಶಿ ತಗ್ಗಿ ಕಾಳು, ಸೊಪ್ಪು, ಮೊಟ್ಟೆ ಏರಬೇಕು, ಅಷ್ಟೆ. ಅನ್ನ ಬಿಟ್ಟು ಮುದ್ದೆ ಹಿಡಿದೆ ಎಂದ ಮಾತ್ರಕ್ಕೆ ಎರಡು ದೊಡ್ಡ ಮುದ್ದೆ ನುಂಗಲು ರಹದಾರಿ ಸಿಕ್ಕಂತಲ್ಲ; ಮುದ್ದೆಯೂ ಕರಗಿದ ಮೇಲೆ ಸಕ್ಕರೆಯೇ. ಚಿಕಿತ್ಸೆ ಮಾಡಿದ್ದರಿಂದ ಏನು ಲಾಭ ಎಂಬ ಅನುಮಾನವನ್ನು ಆಸ್ಟ್ರೇಲಿಯಾದ ಅಧ್ಯಯನವೊಂದು 2005ರಲ್ಲಿ ಪರಿಹರಿಸಿತು. ಸಾವಿರ ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಪಥ್ಯ, ತಪಾಸಣೆ, ಬೇಕಾದರೆ ಇನ್ಸುಲಿನ್. ಉಳಿದವರಿಗೆ ಮಾಮೂಲಿ ಆರೈಕೆ. ಮಗುವಿನ ಸಾವು, ಮೂಳೆ ಮುರಿತ, ಭುಜ ಸಿಕ್ಕಿಕೊಳ್ಳುವಂಥ ಗಂಭೀರ ತೊಂದರೆಗಳು ಶೇ 4ರಿಂದ ಶೇ 1ಕ್ಕೆ ಇಳಿದವು.

ಪಥ್ಯಕ್ಕೆ ಬಗ್ಗದ ಆ ಎರಡು-ಮೂರು ಮಂದಿಯದೇ ಪ್ರಶ್ನೆ.

ಇನ್ಸುಲಿನ್ನಿನ ಪರವಾಗಿ ಹೇಳಬೇಕಾದದ್ದು ಒಂದೇ ವಾಕ್ಯ: ಅದು ತಾಯಿಯ ರಕ್ತದಲ್ಲೇ ನಿಲ್ಲುತ್ತದೆ. ಹೊಟ್ಟೆಯ ಚರ್ಮದಡಿ ಚುಚ್ಚಿದ್ದು ಮಗುವಿಗೆ ತಾಗುತ್ತದೆಂಬ ಹೆದರಿಕೆ ಎಷ್ಟು ತಲೆಕೆಳಗೆಂದರೆ, ಲಭ್ಯವಿರುವ ಮದ್ದುಗಳಲ್ಲಿ ಮಗುವಿಗೆ ತಾಗದೇ ಇರುವುದೇ ಅದೊಂದು. ಸೂಜಿ ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ, ಗರ್ಭಕೋಶದ ಹತ್ತಿರಕ್ಕೂ ಅಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಚುಚ್ಚುವ ತನಕ ಮಧುಮೇಹದ ಹೆಣ್ಣುಮಗಳು ಬಸುರಿಯಾಗುವುದೇ ಅಪರೂಪ, ಆದರೂ ತಾಯಿ-ಮಗು ಇಬ್ಬರೂ ಉಳಿಯುವುದು ಇನ್ನೂ ಅಪರೂಪವಾಗಿತ್ತು. ಇನ್ಸುಲಿನ್ನಿನ ಪ್ರಮಾಣವನ್ನು ಏರಿಸಿ ಇಳಿಸಿ ಯಾವ ಮಟ್ಟದ ಸಕ್ಕರೆಯನ್ನೂ ಹತೋಟಿಗೆ ತರಬಹುದು; ಮಾತ್ರೆಗಾದರೆ ಒಂದು ಮೇಲ್ಮಿತಿ ಇದೆ. ಬೆಳಗಿನ ಸಕ್ಕರೆ ಮಾತ್ರ ಏರುವವರಿಗೆ ರಾತ್ರಿ ಎನ್‌ಪಿಎಚ್ ಅಥವಾ ಡಿಟೆಮಿರ್‌ನಂಥ ನಿಧಾನಗತಿಯದು, ಊಟದ ನಂತರ ಏರುವವರಿಗೆ ಊಟಕ್ಕೆ ಮುಂಚೆ ರೆಗ್ಯುಲರ್, ಲಿಸ್‌ಪ್ರೊ, ಆಸ್‌ಪಾರ್ಟ್‌ನಂಥ ಬೇಗ ಕೆಲಸ ಮಾಡುವಂಥದು. ಸರ್ಕಾರಿ ಆಸ್ಪತ್ರೆಗಳ ಮಾರ್ಗಸೂಚಿ ಎರಡನ್ನೂ ಬೆರೆಸಿದ 30/70 ಇನ್ಸುಲಿನ್ನನ್ನು ಬೆಳಗಿನ ತಿಂಡಿಗೆ ಮುಂಚೆ ಕೆಲವೇ ಯೂನಿಟ್‌ಗಳಿಂದ ಶುರುಮಾಡಿಸುತ್ತದೆ.

ಅದರ ತೊಂದರೆಗಳೂ ಸಣ್ಣವಲ್ಲ. ಚುಚ್ಚಿಕೊಂಡು ಊಟ ತಡವಾದರೆ ಸಕ್ಕರೆ 70ರ ಕೆಳಗೆ ಜಾರಿ ಕೈಕಾಲು ನಡುಗುತ್ತದೆ, ಬೆವರುತ್ತದೆ. ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಬೇಕು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಸೀಸೆಯಲ್ಲಿ ಬರುವ ಇನ್ಸುಲಿನ್ ನಮ್ಮಲ್ಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನಲ್ಲಿ ಬರುವುದು 100 ಯೂನಿಟ್‌ನದು. ಔಷಧದಂಗಡಿಯವನು ಕಿತ್ತಳೆ ಮುಚ್ಚಳದ 100ರ ಸಿರಿಂಜು ಕೊಟ್ಟುಬಿಟ್ಟರೆ 40ರ ಸೀಸೆಯಿಂದ ಎಳೆದ ಮದ್ದು ಅರ್ಧಕ್ಕೂ ಕಡಿಮೆಯಾಗುತ್ತದೆ. ಅದು ಉಲ್ಟಾ ಆದರೆ ಎರಡೂವರೆ ಪಟ್ಟು. ಚೀಟಿಯಲ್ಲಿ ಯೂನಿಟ್ ಬರೆದು ಸಿರಿಂಜಿನ ಬಣ್ಣ ಬರೆಯದ ವೈದ್ಯರ ಮೇಲೆ ನನಗೆ ಸಿಟ್ಟಿದೆ.

ಮಾತ್ರೆಗಳ ಕಥೆ ಇನ್ನಷ್ಟು ಸ್ವಾರಸ್ಯದ್ದು. 2000ದಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಓಡೆಡ್ ಲ್ಯಾಂಗರ್ ಮತ್ತು ಸಂಗಡಿಗರು 404 ಗರ್ಭಿಣಿಯರಲ್ಲಿ ಕೆಲವರಿಗೆ ಇನ್ಸುಲಿನ್, ಕೆಲವರಿಗೆ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಕೊಟ್ಟು ನೋಡಿದರು. ಸಕ್ಕರೆ ಹತೋಟಿ ಸಮಸಮ. ಮಾತ್ರೆಯವರಲ್ಲಿ ಇನ್ಸುಲಿನ್ ಬೇಕಾದದ್ದು ಶೇ 4 ಮಂದಿಗೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಾತ್ರೆಯ ಸುಳಿವೇ ಇರಲಿಲ್ಲ. ಮಾಸು ದಾಟದ ಮಾತ್ರೆ ಸಿಕ್ಕಿತೆಂದು ವೈದ್ಯಲೋಕ ಹಿಗ್ಗಿತು. 2011ರ ಹೊತ್ತಿಗೆ ಅಮೆರಿಕದಲ್ಲಿ ಬಸಿರಿನ ಶುಗರ್‌ಗೆ ಮದ್ದು ಪಡೆಯುತ್ತಿದ್ದವರಲ್ಲಿ ಮೂರರಲ್ಲಿ ಎರಡು ಪಾಲಿಗೆ ಸಮೀಪದಷ್ಟು ಮಂದಿ, ಎಂದರೆ ಶೇ 64ಕ್ಕೂ ಮಿಕ್ಕಿ, ಇದೇ ಮಾತ್ರೆ ನುಂಗುತ್ತಿದ್ದರು.

ಅಷ್ಟರಲ್ಲೇ ಇನ್ನೂ ಸೂಕ್ಷ್ಮವಾದ ಉಪಕರಣಗಳು ಬಂದಿದ್ದವು. 2009ರಲ್ಲಿ ಹೊಸ ವಿಧಾನದಲ್ಲಿ ಅಳೆದಾಗ ಮಗುವಿನ ಕಡೆಯ ರಕ್ತದಲ್ಲಿ ತಾಯಿಯ ರಕ್ತದ ಶೇ 70ರಷ್ಟು ಗ್ಲಿಬೆನ್‌ಕ್ಲಮೈಡ್ ಸಿಕ್ಕಿತು. ಮದ್ದು ಮೊದಲಿಂದಲೂ ದಾಟುತ್ತಲೇ ಇತ್ತು, ಹಳೆಯ ಪರೀಕ್ಷೆಯ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಈ ಮಾತ್ರೆ ಕೆಲಸ ಮಾಡುವ ರೀತಿಯೇ ಬಸಿರಿಗೆ ಒಗ್ಗದ್ದು. ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ ಅದು ಮೇದೋಜೀರಕವನ್ನು ತಿವಿದು ಇನ್ಸುಲಿನ್ ಹೊರಡಿಸುತ್ತದೆ. ಮಾಸು ದಾಟಿದರೆ ಮಗುವಿನ ಗ್ರಂಥಿಯನ್ನೂ ಹಾಗೆಯೇ ತಿವಿಯುತ್ತದೆ. ಯಾವ ಇನ್ಸುಲಿನ್ ಅತಿಯಾಗಿ ಮಗು ಊದುತ್ತದೆಂದು ಪೀಡರ್ಸನ್ ಹೇಳಿದ್ದರೋ ಅದನ್ನೇ ಮದ್ದಿನ ಹೆಸರಲ್ಲಿ ಹೆಚ್ಚಿಸಿದಂತೆ. 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ಲೆಕ್ಕಹಾಕಿದಾಗ, ಈ ಮಾತ್ರೆ ಪಡೆದ ತಾಯಂದಿರ ನವಜಾತ ಶಿಶುಗಳಲ್ಲಿ ಸಕ್ಕರೆ ಕುಸಿತ ಇನ್ಸುಲಿನ್ ಗುಂಪಿನ ಸರಿಸುಮಾರು ಎರಡು ಪಟ್ಟು ಇತ್ತು. ಮಗುವಿನ ತೂಕ ಸರಾಸರಿ ನೂರು ಗ್ರಾಂ ಹೆಚ್ಚು. 2018ರಲ್ಲಿ ಫ್ರಾನ್ಸಿನ 914 ಹೆಂಗಸರ ಅಧ್ಯಯನ ಕೊನೆಯ ಮೊಳೆ ಹೊಡೆಯಿತು: ಮಗುವಿನ ತೊಂದರೆಗಳು ಮಾತ್ರೆಯಲ್ಲಿ ಶೇ 27.6, ಇನ್ಸುಲಿನ್ನಿನಲ್ಲಿ ಶೇ 23.4. ನನ್ನ ಮಟ್ಟಿಗೆ ಇಲ್ಲಿಗೆ ಗ್ಲಿಬೆನ್‌ಕ್ಲಮೈಡ್ ಪ್ರಕರಣ ಮುಗಿಯಿತು.

ಮೆಟ್‌ಫಾರ್ಮಿನ್ ಪ್ರಕರಣ ಹಾಗೆ ಮುಗಿಯುವಂಥದ್ದಲ್ಲ. ಅದು ಮಾಸು ದಾಟುತ್ತದೆಂಬುದು ಯಾರಿಗೂ ಗುಟ್ಟಲ್ಲ. ಮಗುವಿನ ರಕ್ತದಲ್ಲಿ ತಾಯಿಯಲ್ಲಿರುವಷ್ಟೇ ಪ್ರಮಾಣಕ್ಕೆ ತಲುಪುತ್ತದೆ, ಕೆಲವೊಮ್ಮೆ ಹೆಚ್ಚು. ಆದರೆ ಅದು ಮೇದೋಜೀರಕವನ್ನು ತಿವಿಯುವುದಿಲ್ಲ. ಯಕೃತ್ತು ಸಕ್ಕರೆ ಸುರಿಸುವುದನ್ನು ತಗ್ಗಿಸುತ್ತದೆ, ಇನ್ಸುಲಿನ್ ಇನ್ನಷ್ಟು ನಾಟುವಂತೆ ಮಾಡುತ್ತದೆ. ಒಂದನ್ನೇ ನುಂಗಿದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. 2008ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ ಜಾನೆಟ್ ರೋವನ್ ನೇತೃತ್ವದಲ್ಲಿ ನಡೆದ ಅಧ್ಯಯನ ಇದಕ್ಕೆ ರಾಜಮಾರ್ಗ ಹಾಕಿತು. 751 ಗರ್ಭಿಣಿಯರು. ಹುಟ್ಟಿದ ಮಕ್ಕಳ ತೊಂದರೆಗಳು ಮೆಟ್‌ಫಾರ್ಮಿನ್‌ನಲ್ಲಿ ಶೇ 32, ಇನ್ಸುಲಿನ್ನಿನಲ್ಲಿ ಶೇ 32.2, ಕೂದಲೆಳೆಯ ಅಂತರವೂ ಇಲ್ಲ. ಹೊಟ್ಟೆ ಕೆಟ್ಟು ಮಾತ್ರೆ ಪೂರ್ತಿ ಬಿಟ್ಟವರು ಶೇ 2ಕ್ಕೂ ಕಡಿಮೆ. ಇನ್ನೊಮ್ಮೆ ಬಸುರಿಯಾದರೆ ಇದೇ ಚಿಕಿತ್ಸೆ ಬೇಕೇ ಎಂದು ಕೇಳಿದಾಗ ಮಾತ್ರೆಯವರಲ್ಲಿ ನಾಲ್ಕರಲ್ಲಿ ಮೂವರು ಹೂಂ ಎಂದರು, ಸೂಜಿಯವರಲ್ಲಿ ನಾಲ್ವರಲ್ಲಿ ಒಬ್ಬರು ಮಾತ್ರ. ಹಾಗಿದ್ದೂ ಮಾತ್ರೆಯವರಲ್ಲಿ ಶೇ 46 ಮಂದಿಗೆ ಕೊನೆಗೆ ಇನ್ಸುಲಿನ್ನೂ ಬೇಕಾಯಿತು. ಮಾತ್ರೆ ಶುರುಮಾಡಿದೆ, ಸೂಜಿ ತಪ್ಪಿತು ಎಂದು ನಿಶ್ಚಿಂತೆಯಾಗುವ ಹಾಗಿಲ್ಲವೆಂದು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಆ ಮಕ್ಕಳನ್ನು ಸಂಶೋಧಕರು ಬಿಡಲಿಲ್ಲ. ಎರಡು ವರ್ಷಕ್ಕೆ ಮೆಟ್‌ಫಾರ್ಮಿನ್ ಮಕ್ಕಳ ತೋಳು ಮತ್ತು ಬೆನ್ನಿನ ಚರ್ಮದಡಿ ಕೊಬ್ಬು ಸ್ವಲ್ಪ ಹೆಚ್ಚಿತ್ತು. ಅಡಿಲೇಡ್‌ನ ಮಕ್ಕಳಿಗೆ ಏಳಾಗುವಾಗ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಆಕ್ಲೆಂಡ್‌ನವರಿಗೆ ಒಂಬತ್ತಾಗುವಾಗ ಮಾತ್ರೆಯ ಗುಂಪಿನವರು ತೂಕದಲ್ಲೂ ಸೊಂಟದ ಸುತ್ತಳತೆಯಲ್ಲೂ ಮುಂದಿದ್ದರು. ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ, ಬಸಿರಿಗೆ ಮುಂಚಿನಿಂದಲೂ ಟೈಪ್-2 ಮಧುಮೇಹವಿದ್ದವರಿಗೆ ಇನ್ಸುಲಿನ್ ಜೊತೆ ಮೆಟ್‌ಫಾರ್ಮಿನ್ ಸೇರಿಸಿದ 2020ರ ಅಧ್ಯಯನದಲ್ಲಿ ತಾಯಿಯ ತೂಕ ಕಡಿಮೆ ಏರಿತು, ಇನ್ಸುಲಿನ್ ಕಡಿಮೆ ಸಾಕಾಯಿತು, ದೈತ್ಯ ಮಕ್ಕಳು ಕಡಿಮೆಯಾದವು. ಆದರೆ ಇರಬೇಕಾದ್ದಕ್ಕಿಂತ ಸಣ್ಣಗೆ ಹುಟ್ಟಿದ ಮಕ್ಕಳು ಶೇ 7ರಿಂದ ಶೇ 13ಕ್ಕೆ ಏರಿದರು. ಆ ಮಕ್ಕಳಿಗೆ ಎರಡು ವರ್ಷವಾದಾಗ ನೋಡಿದರೆ ಮೈಕಟ್ಟಿನಲ್ಲಿ ಭೇದ ಕಾಣಲಿಲ್ಲ.

ಕೆನಡಾದಲ್ಲಿ ಕೂತವರಿಗೆ ಇದು ದಪ್ಪ ಮಗು ತಪ್ಪಿಸಿದ ಸಮಾಧಾನ. ಮೈಸೂರಿನಲ್ಲಿ ಕೂತು ಓದಿದರೆ ಅದೇ ಅಂಕಿ ಬೇರೆ ಥರ ಕಾಣುತ್ತದೆ. ನಮ್ಮ ಮಕ್ಕಳು ಮೊದಲೇ ಸಣ್ಣವು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅಲ್ಲಿನ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳ ಪಕ್ಕಕ್ಕಿಟ್ಟು ಅಳೆದಾಗ ನಮ್ಮವು ಸರಾಸರಿ 2.7 ಕಿಲೋ, ಅವು 3.5. ತೂಕದಲ್ಲಿ, ಸ್ನಾಯುವಿನಲ್ಲಿ ಹಿಂದೆ ಬಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ನಮ್ಮ ಮಕ್ಕಳು ಅಷ್ಟಾಗಿ ಹಿಂದಿರಲಿಲ್ಲ. ಸಣ್ಣಗೆ ಹುಟ್ಟಿ ಆಮೇಲೆ ಬೇಗ ಮೈತುಂಬಿಕೊಳ್ಳುವ ಮಕ್ಕಳೇ ಮುಂದೆ ಮಧುಮೇಹಕ್ಕೆ ಹೆಚ್ಚು ಸುಲಭವಾಗಿ ಸಿಕ್ಕುತ್ತಾರೆ. ಇಂಥ ನೆಲದಲ್ಲಿ, ಮಗುವಿನ ಬೆಳವಣಿಗೆಯನ್ನು ಚೂರು ಹಿಂದೆಳೆಯಬಹುದಾದ ಮದ್ದನ್ನು ಬಿಳಿಯರ ಲೆಕ್ಕಾಚಾರದಲ್ಲೇ ಬರೆದುಬಿಡುವುದು ನನಗೆ ಸರಿ ಕಾಣುವುದಿಲ್ಲ. ಸ್ಕ್ಯಾನಿನಲ್ಲಿ ಮಗು ಸಣ್ಣದಿದೆ ಎಂದಿದ್ದರೆ, ತಾಯಿಗೆ ರಕ್ತದೊತ್ತಡವಿದ್ದರೆ ಮೆಟ್‌ಫಾರ್ಮಿನ್ ಬೇಡವೆಂದು ಅಮೆರಿಕದವರೇ ಎಚ್ಚರಿಸಿದ್ದಾರೆ. ಹೊಟ್ಟೆಯಲ್ಲಿ ಮಗು ಆಗಲೇ ದಪ್ಪವಾಗುತ್ತಿದೆ, ತಾಯಿಯ ತೂಕವೂ ಹೆಚ್ಚು ಎಂದಾದರೆ ಅದೇ ಮಾತ್ರೆ ಸಹಜವಾಗಿ ಮುಂದೆ ಬರುತ್ತದೆ.

ಮೈಸೂರಿನ ಹೆಸರು ಸುಮ್ಮನೆ ತೆಗೆಯಲಿಲ್ಲ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಅಳೆದು, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆದದ್ದು. ಜಿ.ವಿ. ಕೃಷ್ಣವೇಣಿ, ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮುಂತಾದವರ ಕೆಲಸ. ಆಗ ಅಲ್ಲಿ ಶುಗರ್ ಕಂಡದ್ದು ಶೇ 6ರಷ್ಟು ಬಸುರಿಯರಲ್ಲಿ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ಒಂಬತ್ತು-ಹತ್ತರ ಹೊತ್ತಿಗೆ ಅದು ಇನ್ನೂ ಎದ್ದು ಕಂಡಿತು. ಮದ್ದಿನಿಂದ ಮಗುವಿಗೆ ಏನಾದೀತೋ ಎಂದು ಹೆದರುವವರು, ಮದ್ದಿಲ್ಲದೆ ಬಿಟ್ಟ ಸಕ್ಕರೆಯೂ ಮಗುವಿನ ಮೈಯಲ್ಲಿ ಹೀಗೆ ಗುರುತು ಬಿಟ್ಟುಹೋಗುತ್ತದೆಂಬುದನ್ನು ಜೊತೆಗಿಟ್ಟುಕೊಂಡೇ ಯೋಚಿಸಬೇಕಾಗುತ್ತದೆ.

ಅದೇ ಮೈಸೂರು ಬಸುರಿಯರ ರಕ್ತದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಶೇ 43 ಮಂದಿಗೆ ವಿಟಮಿನ್ ಬಿ12 ಕೊರತೆ. ಮೆಟ್‌ಫಾರ್ಮಿನ್ ಕರುಳಿನಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುವ ಮಾತ್ರೆ. ಮೂರು ತಿಂಗಳ ಸೇವನೆಯಿಂದ ಮಹಾ ಅನಾಹುತವಾಗಲಿಕ್ಕಿಲ್ಲ. ಆದರೂ ಮೊಟ್ಟೆ-ಮಾಂಸ ಮುಟ್ಟದ ಮನೆಯ ಬಸುರಿಗೆ ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆ ತಪ್ಪದೆ ಕೊಟ್ಟು ಬಿ12 ಕೇಳುವವರೇ ಇಲ್ಲದಿರುವುದು ವಿಚಿತ್ರ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿ ಬಸುರಿಯಾದವರ ವಿಷಯದಲ್ಲಂತೂ ಇದನ್ನು ನೋಡಲೇಬೇಕು. ಅವರು ಬಸಿರು ಗೊತ್ತಾದ ದಿನವೇ ತಾವಾಗಿ ಮಾತ್ರೆ ಎಸೆಯುವುದೂ ಬೇಡ, ಕೇಳದೆ ಮುಂದುವರಿಸುವುದೂ ಬೇಡ. ವೈದ್ಯರಿಗೆ ಹೇಳಿ ನಿರ್ಧರಿಸುವ ವಿಚಾರ ಅದು.

ತೀರಾ ಈಚಿನ ದೊಡ್ಡ ಸುದ್ದಿ ನೆದರ್‌ಲೆಂಡ್ಸ್‌ನಿಂದ, 2025ರ ಆರಂಭದಲ್ಲಿ. 820 ಗರ್ಭಿಣಿಯರು. ಒಂದು ಗುಂಪಿಗೆ ಮೊದಲು ಮೆಟ್‌ಫಾರ್ಮಿನ್, ಸಾಲದಿದ್ದರೆ ಗ್ಲಿಬೆನ್‌ಕ್ಲಮೈಡ್, ಅದೂ ಸಾಲದಿದ್ದರೆ ಇನ್ಸುಲಿನ್. ಇನ್ನೊಂದಕ್ಕೆ ಮೊದಲಿಂದಲೂ ಇನ್ಸುಲಿನ್. ಮಾತ್ರೆಯ ಗುಂಪಿನ ಶೇ 79 ಮಂದಿ ಸೂಜಿ ಮುಟ್ಟದೆ ದಡ ಸೇರಿದರು. ಆದರೆ ದಪ್ಪ ಮಕ್ಕಳು ಅಲ್ಲಿ ಶೇ 23.9, ಇನ್ಸುಲಿನ್ ಗುಂಪಿನಲ್ಲಿ ಶೇ 19.9. ಮಾತ್ರೆಯ ದಾರಿ ಇನ್ಸುಲಿನ್ನಿಗಿಂತ ಕಳಪೆಯಲ್ಲ ಎಂದು ಸಾಬೀತು ಮಾಡಲಾಗಲಿಲ್ಲ. ತಾಯಂದಿರ ಸಕ್ಕರೆ ಕುಸಿದದ್ದೂ ಮಾತ್ರೆಯ ಗುಂಪಿನಲ್ಲೇ ಹೆಚ್ಚು, ಹತ್ತಿರಹತ್ತಿರ ಎರಡು ಪಟ್ಟು. ನಡುವೆ ಗ್ಲಿಬೆನ್‌ಕ್ಲಮೈಡ್ ತೂರಿಸಿದ್ದರ ಪಾಲು ಇದರಲ್ಲಿ ಎಷ್ಟೆಂಬ ಗುಮಾನಿ ನನ್ನಂಥವರಿಗೆ ಇದ್ದೇ ಇರುತ್ತದೆ.

ಮಾರುಕಟ್ಟೆಯ ಉಳಿದ ಹೊಸ ಮದ್ದುಗಳು, ಗ್ಲಿಪ್ಟಿನ್, ಗ್ಲಿಫ್ಲೋಜಿನ್, ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್, ಯಾವುವೂ ಬಸಿರಿಗಲ್ಲ. ಟೈಪ್-1 ಇರುವ ಹೆಣ್ಣುಮಗಳಿಗೆ ಇನ್ಸುಲಿನ್ ಬಿಟ್ಟು ಬೇರೆ ಆಯ್ಕೆಯ ಮಾತೇ ಬಾರದು. ಖಾಲಿ ಹೊಟ್ಟೆಯ ಸಕ್ಕರೆಯೇ 126 ದಾಟಿದ್ದರೆ ಮಾತ್ರೆಪ್ರಿಯ ಬ್ರಿಟನ್ನೂ ತಡಮಾಡದೆ ಇನ್ಸುಲಿನ್ ಎನ್ನುತ್ತದೆ.

ಇಷ್ಟಾದ ಮೇಲೆ, ಪಥ್ಯ ಸಾಲದ ಬಸುರಿಗೆ ಮೊದಲ ಮದ್ದಾಗಿ ಇನ್ಸುಲಿನ್ನನ್ನೇ ಇಟ್ಟ ನಮ್ಮ ಸರ್ಕಾರಿ ಮಾರ್ಗಸೂಚಿ ಸರಿಯೆಂದೇ ನನಗೆ ತೋರುತ್ತದೆ. ಆದರೆ ಚೀಟಿಯಲ್ಲಿ ಬರೆದದ್ದೆಲ್ಲ ಮೈಗೆ ಹೋಗುವುದಿಲ್ಲ. ಚುಚ್ಚಲು ಕಲಿಸುವ ಪುರಸೊತ್ತು ನರ್ಸಿಗಿಲ್ಲ, ಮನೆಯಲ್ಲಿ ಫ್ರಿಜ್ ಇಲ್ಲ, ಗದ್ದೆ ಕೆಲಸದ ನಡುವೆ ಹೊತ್ತಿಗೆ ಸರಿಯಾದ ಊಟವಿಲ್ಲ ಎಂಬ ಕಡೆ ಬರೆದ ಇನ್ಸುಲಿನ್ ಹಣೆಬರಹ ಏನೆಂದು ಆಶಾ ಕಾರ್ಯಕರ್ತೆಯರನ್ನು ಕೇಳಬೇಕು. ಫ್ರಿಜ್ ಇಲ್ಲದಿದ್ದರೆ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಸೀಸೆಯನ್ನು ತಂಪಾಗಿಡಬಹುದು. ಹೊತ್ತಿಗೆ ಸರಿಯಾದ ಊಟವಿಲ್ಲದ್ದಕ್ಕೆ ಮಾತ್ರ ಮಡಕೆಯಲ್ಲಿ ಪರಿಹಾರವಿಲ್ಲ. ಅಂಥ ಮನೆಗೆ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ದಿನಕ್ಕೆರಡರಿಂದ ಶುರುಮಾಡಿ, ಹೆಚ್ಚೆಂದರೆ 2 ಗ್ರಾಮಿಗೆ ಒಯ್ದು, ಸಾಲದಿದ್ದರೆ ಇನ್ಸುಲಿನ್ ಸೇರಿಸುವ ವೈದ್ಯರನ್ನು ನಾನು ದೂರಲಾರೆ. ನುಂಗಿದ ಮಾತ್ರೆ ಚುಚ್ಚಿಕೊಳ್ಳದ ಇನ್ಸುಲಿನ್ನಿಗಿಂತ ಮೇಲು.

ನಮ್ಮದೇ ಇನ್ನೊಂದು ತೊಡಕಿದೆ. ಏಳನೇ ತಿಂಗಳಿಗೋ ಒಂಬತ್ತಕ್ಕೋ ಸೀಮಂತ ಮುಗಿಸಿ ಬಸುರಿ ತವರಿಗೆ ಹೊರಡುತ್ತಾಳೆ. ಮಾಸಿನ ಹಾರ್ಮೋನು ಜೋರಾಗಿ, ಇನ್ಸುಲಿನ್ ಪ್ರಮಾಣ ವಾರವಾರಕ್ಕೂ ಏರಿಸಬೇಕಾದ ಕಾಲವೇ ಅದು. ಊರು ಬದಲು, ಆಸ್ಪತ್ರೆ ಬದಲು, ವೈದ್ಯರು ಬದಲು. ಬಯಕೆ ಊಟವೆಂದು ನೆಂಟರಿಷ್ಟರು ಹೋಳಿಗೆ, ಚಿರೋಟಿ ಹೊತ್ತು ತರುತ್ತಾರೆ. ತಾಯಿ ಕಾರ್ಡಿನಲ್ಲಿ ಯಾವ ಇನ್ಸುಲಿನ್, ಎಷ್ಟು ಯೂನಿಟ್, ಯಾವ ಸಿರಿಂಜು ಎಂದು ಬರೆಸಿಕೊಳ್ಳದೆ ಬಸ್ಸು ಹತ್ತಿದವಳಿಗೆ ಹೊಸ ಆಸ್ಪತ್ರೆಯಲ್ಲಿ ಮತ್ತೆ ಮೊದಲಿಂದ ಶುರು. ಇನ್ನೊಂದು ಮಾತು: ಏರುತ್ತಲೇ ಇದ್ದ ಇನ್ಸುಲಿನ್ ಅಗತ್ಯ ದಿನ ತುಂಬುವ ಮುಂಚೆ ದಿಢೀರನೆ ಇಳಿದು ಸಕ್ಕರೆ ಪದೇ ಪದೇ ಕುಸಿಯತೊಡಗಿದರೆ, ಶುಗರ್ ವಾಸಿಯಾಯಿತೆಂದು ಖುಷಿಪಡದೆ ಆಸ್ಪತ್ರೆಗೆ ಹೋಗಬೇಕು; ಮಾಸಿನ ಕೆಲಸ ಕುಂಟುತ್ತಿರಬಹುದು.

ಹೆರಿಗೆಯಾಗಿ ಮಾಸು ಹೊರಬಿದ್ದರೆ ಹಾರ್ಮೋನೂ ಇಲ್ಲ. ಬಹುತೇಕರಿಗೆ ಸೂಜಿ-ಮಾತ್ರೆ ಎರಡೂ ಅಂದೇ ನಿಲ್ಲುತ್ತವೆ. ಸಾಯುವ ತನಕ ಬಿಡದು ಎಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಕೆಲವರಿಗೆ ಮುಂದುವರಿಸಬೇಕಾದರೂ ಎದೆಹಾಲಿಗೆ ಇನ್ಸುಲಿನ್ನಾಗಲಿ ಮೆಟ್‌ಫಾರ್ಮಿನ್ ಆಗಲಿ ಅಡ್ಡಿಯಲ್ಲ. ಬಾಣಂತನದ ತುಪ್ಪ-ಬೆಲ್ಲದ ಲೇಹ್ಯದಲ್ಲಿ ಈ ಅಧ್ಯಾಯ ಅಲ್ಲಿಗೇ ಮರೆತುಹೋಗುತ್ತದೆ. ಆದರೆ ಮರೆಯುವಂಥದ್ದಲ್ಲ. ಮೈಸೂರಿನ ಅದೇ ಅಧ್ಯಯನದಲ್ಲಿ, ಗುಂಪು ಚಿಕ್ಕದು ನಿಜ, ಬಸಿರಿನಲ್ಲಿ ಶುಗರ್ ಇದ್ದವರಲ್ಲಿ ಐದು ವರ್ಷದೊಳಗೆ ಶೇ 37 ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ಶೇ 2ಕ್ಕೆ. ಹೆರಿಗೆಯ ನಂತರ ಆರು ವಾರಕ್ಕೆ ತಾಯಿಗೆ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ ಆಗಬೇಕೆಂದು ಮಾರ್ಗಸೂಚಿಯಲ್ಲಿದೆ. ಮಗುವಿನ ಮೊದಲ ಪೆಂಟಾವೇಲೆಂಟ್ ಲಸಿಕೆಗೂ ಅದೇ ಆರು ವಾರ. ಮಗುವನ್ನೆತ್ತಿಕೊಂಡು ಅವಳು ಹೇಗೂ ಬಂದಿರುತ್ತಾಳೆ. ಲಸಿಕೆ ಹಾಕುವ ಸಿಸ್ಟರ್ ಅವಳ ಕೈಗೂ ಒಂದು ಲೋಟ ಗ್ಲೂಕೋಸ್ ನೀರು ಕೊಟ್ಟು ಎರಡು ಗಂಟೆ ಕೂರಿಸಿದರೆ ಆಯಿತು.